ಮೂರು ನಾಲ್ಕು ತಲೆಮಾರಿನ ಶಾಪವೋ, ‘ಇವನೂ ಅಲ್ಲ, ಹೆತ್ತವರೂ ಅಲ್ಲ’ವೋ? ಯಾವ ಮಾತು ನಂಬಲಿ?

ಪುಟ್ಟಿಯ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ ಮೂರೂವರೆ ವರ್ಷ. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ವರ್ಷ ತುಂಬುವವರೆಗೆ ನಮಗೆ ಗೊತ್ತೇ ಆಗಲಿಲ್ಲ. ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಬೆಚ್ಚದೆ ಮಲಗಿರುತ್ತಿದ್ದಳು. ಎಷ್ಟು ಸಮಾಧಾನದ ಮಗು ಅಂತ ಬಂದವರೆಲ್ಲ ಹೊಗಳುತ್ತಿದ್ದರು. ಈಗ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗುತ್ತೇನೆ. ಎರಡು ಕಿವಿಗೂ ಮೆಷಿನ್ ಇದೆ. ‘ಅಮ್ಮ’, ‘ಬಾ’, ‘ಹಾಲು’ ಹೇಳುತ್ತಾಳೆ. ತುಟಿ ನೋಡಿ ಜಾಸ್ತಿ ಅರ್ಥ ಮಾಡಿಕೊಳ್ಳುತ್ತಾಳೆ.

ರಕ್ತ ಪರೀಕ್ಷೆ ಮಾಡಿಸಿದೆವು. ಕನೆಕ್ಸಿನ್ 26 ಅನ್ನುವ ಜೀನ್‌ನಲ್ಲಿ ತೊಂದರೆ ಅಂತೆ. ನನ್ನಲ್ಲಿ ಒಂದು ಪ್ರತಿ ಕೆಟ್ಟಿದೆ, ನನ್ನ ಗಂಡನಲ್ಲೂ ಒಂದು. ನಮ್ಮಿಬ್ಬರ ಕಿವಿಯೂ ಚೆನ್ನಾಗಿದೆ. ಎರಡು ಕೆಟ್ಟ ಪ್ರತಿಯೂ ಒಂದೇ ಮಗುವಿಗೆ ಬಂದರೆ ಹೀಗಾಗುತ್ತದೆ. ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಅಂತ ಡಾಕ್ಟರ್ ಕಾಗದದ ಮೇಲೆ ಬರೆದು ತೋರಿಸಿದರು.

ಹೋದ ತಿಂಗಳು ಪರಿಚಯದವರ ಮನೆಯ ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆ. ಹಿರಿಯರೊಬ್ಬರು ಮಗುವನ್ನು ನೋಡಿ, ‘ನಿಮ್ಮ ಮಾವನವರ ಅಪ್ಪ ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದರು?’ ಅಂತ ಕೇಳಿದರು. ನಮ್ಮ ಮಾವನೇ ಆ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದವರು. ಅವರ ಅಪ್ಪ ಊರಿನ ಮಾರಮ್ಮನಿಗೆ ದೀಪ ಹಚ್ಚುತ್ತಿದ್ದರಂತೆ. ಇದ್ದದ್ದನ್ನು ಹೇಳಿದೆ. ಅವರು ಬೈಬಲಿನ ವಿಮೋಚನಕಾಂಡ 20:5 ತೆಗೆದು ಓದಿದರು. ತಂದೆಗಳ ದೋಷ ಮಕ್ಕಳ ಮೇಲೆ ಮೂರು ನಾಲ್ಕು ತಲೆಮಾರಿನವರೆಗೆ. ಆಮೇಲೆ ಬೆರಳು ಮಡಚಿ ಎಣಿಸಿದರು. ಮುತ್ತಾತ, ತಾತ, ಅಪ್ಪ, ಇವಳು. ‘ನಾಲ್ಕಾಯಿತಲ್ಲ’ ಅಂದರು. ನಾನು ಜೀನ್ ವಿಷಯ ಹೇಳಿದೆ. ‘ನೋಡಿ, ವಿಜ್ಞಾನವೂ ಅದನ್ನೇ ಹೇಳುತ್ತಿದೆ, ವಂಶದಿಂದ ಬಂದದ್ದು’ ಅಂದುಬಿಟ್ಟರು.

ನನ್ನ ಮಗಳು ನನ್ನ ತೊಡೆಯ ಮೇಲೆ ಕೂತಿದ್ದಳು. ಅವರು ಬೆರಳು ಮಡಚುವುದನ್ನು ನೋಡಿ ತಾನೂ ಒಂದೊಂದೇ ಬೆರಳು ಮಡಚಿದಳು. ಆಟ ಅಂದುಕೊಂಡಳು. ಅವರನ್ನು ನೋಡಿ ನಕ್ಕಳು.

ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರೆ, ಯಾರ ಪಾಪ, ಇವನದೋ ಹೆತ್ತವರದೋ ಅಂತ. ಯೇಸು, ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಅನ್ನುತ್ತಾನೆ. ಹಾಗಾದರೆ ಸೀನಾಯಿ ಬೆಟ್ಟದಲ್ಲಿ ಮೋಶೆಗೆ ಹೇಳಿದ ಆ ಮೂರು ನಾಲ್ಕು ತಲೆಮಾರಿನ ಮಾತು ಏನು? ಒಬ್ಬನೇ ದೇವರು ಯೇಸುವಿಗಿಂತ ಹಿಂದಿನ ಹಳೆಯ ಒಡಂಬಡಿಕೆಯಲ್ಲಿ ಒಂದು, ಹೊಸದರಲ್ಲಿ ಒಂದು ಹೇಳುತ್ತಾನಾ? ಸುಮ್ನೆ ಸಮಾಧಾನದ ಮಾತು ಬೇಡ. ನಿಜ ಏನು ಅಂತ ಗೊತ್ತಾಗಬೇಕು.

ಕೃಪೆಯ ಮಗ, ಹುಬ್ಬಳ್ಳಿ

ಸಿಸ್ಟರ್, ಅಳಬೇಡಿ. ಹಳೆಯದು ಮುಗಿಯಿತು. ಇಬ್ರಿಯರಿಗೆ 8:13 ನೋಡಿ, ಹೊಸದು ಅಂದಮೇಲೆ ಮೊದಲನೆಯದು ಹಳೆಯದಾಯಿತು ಅಂತ ಸ್ಪಷ್ಟವಾಗಿ ಇದೆ. ಆಗ ದೇವರು ಕೋಪದಿಂದ ನಡೆಸಿದನು, ಈಗ ಪ್ರೀತಿಯಿಂದ ನಡೆಸುತ್ತಾನೆ. ಗಲಾತ್ಯ 3:13ರ ಪ್ರಕಾರ ಶಾಪ ಶಿಲುಬೆಯ ಮೇಲೆ ಹೋಯಿತು. ನೀವು ಹೊಸ ಒಡಂಬಡಿಕೆ ಮಾತ್ರ ಓದಿ, ಮನಸ್ಸಿಗೆ ಶಾಂತಿ ಸಿಗುತ್ತದೆ.

ನಿವೃತ್ತ ಮೇಷ್ಟ್ರು, ಉಡುಪಿ

ಅಮ್ಮಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದವನು ನಾನು. ಆ ಬೆರಳು ಎಣಿಸಿದ ಜಾಗಕ್ಕೆ ಬಂದಾಗ ಓದುವುದನ್ನು ನಿಲ್ಲಿಸಬೇಕಾಯಿತು.

ಹುಬ್ಬಳ್ಳಿಯ ತಮ್ಮಾ, ನಿಮ್ಮ ಮನಸ್ಸು ಒಳ್ಳೆಯದು. ಗಲಾತ್ಯದ ವಚನವೂ ಸರಿ. ಆದರೆ ಆಗ ಕೋಪದ ದೇವರು, ಈಗ ಪ್ರೀತಿಯ ದೇವರು ಅನ್ನುವುದನ್ನು ಒಪ್ಪಲಾರೆ. ಎರಡನೇ ಶತಮಾನದಲ್ಲಿ ಕಪ್ಪು ಸಮುದ್ರದ ದಡದ ಸಿನೋಪೆಯಿಂದ ಬಂದ ಮಾರ್ಸಿಯನ್ ಈ ದಾರಿಯಲ್ಲೇ ಹೋದನು. ಹಳೆಯ ಒಡಂಬಡಿಕೆಯನ್ನೇ ಬಿಟ್ಟನು. ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ತನಗೆ ಬೇಕಾದಂತೆ ಕತ್ತರಿಸಿ ಇಟ್ಟುಕೊಂಡನು. ರೋಮಿನ ಸಭೆ 144ರಲ್ಲಿ ಅವನನ್ನು ಹೊರಗೆ ಕಳುಹಿಸಿತು. ಹಳೆಯದನ್ನು ಕಿತ್ತುಹಾಕಿದರೆ ಈ ತಾಯಿಗೆ ಬೇಕಾದ ಉತ್ತರವೂ ಅದರ ಜೊತೆಗೇ ಹೋಗುತ್ತದೆ. ಯಾಕೆಂದರೆ ಉತ್ತರ ಹಳೆಯದರಲ್ಲೇ ಶುರುವಾಗುತ್ತದೆ.

ಅಮ್ಮಾ, ಮೊದಲು ಆ ವಚನವನ್ನೇ ನೋಡೋಣ. 20:5ಕ್ಕೆ ನಿಲ್ಲಿಸಿದರೆ ಅರ್ಧ ವಾಕ್ಯ. ಅದರ ಕೊನೆಯಲ್ಲಿ ‘ನನ್ನನ್ನು ದ್ವೇಷಿಸುವವರ’ ಅನ್ನುವ ಮಾತಿದೆ. ಆರನೇ ವಚನದಲ್ಲಿ, ಪ್ರೀತಿಸುವವರಿಗೆ ಸಾವಿರ ತಲೆಮಾರಿನ ತನಕ ದಯೆ. ಧರ್ಮೋಪದೇಶಕಾಂಡ 7:9ರಲ್ಲೂ ಅದೇ ಸಾವಿರದ ಲೆಕ್ಕ. ಒಂದು ಕಡೆ ಮೂರು ನಾಲ್ಕು, ಇನ್ನೊಂದು ಕಡೆ ಸಾವಿರ. ನಿಮ್ಮ ಮಾವನವರ ಅಪ್ಪ ತಮಗೆ ತಿಳಿದಂತೆ ದೀಪ ಹಚ್ಚಿದವರು. ಅವರನ್ನು ದೇವದ್ವೇಷಿ ಅನ್ನಲು ಯಾರಿಗೂ ಅಧಿಕಾರ ಇಲ್ಲ. ಆ ಮಾತು ಹೇಳಿದ್ದು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡಿಸಿ ತಂದ ಇಸ್ರಾಯೇಲ್ ಜನರಿಗೆ, ಅವರು ಮಾಡಿಕೊಂಡ ಒಡಂಬಡಿಕೆಯ ಒಳಗೆ. ಒಡಂಬಡಿಕೆ ಅಂದರೆ ಇಬ್ಬರೂ ಒಡಂಬಟ್ಟದ್ದು ಅಲ್ವಾ? ಅದನ್ನು ಕೇಳಿಯೇ ಇರದ ಒಬ್ಬ ಹಳ್ಳಿಯ ಮುದುಕರ ತಲೆಗೆ ಕಟ್ಟುವುದು ಹೇಗೆ?

ಮೂರು ನಾಲ್ಕು ಅನ್ನುವ ಲೆಕ್ಕವನ್ನು ಒಂದೇ ಮನೆಯಲ್ಲಿ ಒಟ್ಟಿಗೆ ಬದುಕುವ ಜನ ಅಂತ ಅರ್ಥ ಮಾಡುವವರಿದ್ದಾರೆ. ಅಜ್ಜನಿಂದ ಮರಿಮಗನವರೆಗೆ ಒಂದೇ ಸೂರು, ಒಂದೇ ಒಲೆ. ಹಿರಿಯನು ಕೆಟ್ಟರೆ ಅಷ್ಟೂ ಜನ ಪೆಟ್ಟು ತಿನ್ನುತ್ತಾರೆ. ನಮ್ಮ ಕೂಡು ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನು ನನಗೆ ತುಂಬ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ವಿರೋಧ ಹಳೆಯದಕ್ಕೂ ಹೊಸದಕ್ಕೂ ನಡುವೆ ಇಲ್ಲ. ಹಳೆಯದರ ಒಳಗೇ ಈ ಮಾತಿನ ಜೊತೆ ದೊಡ್ಡ ಜಗ್ಗಾಟ ನಡೆದಿದೆ. ಧರ್ಮೋಪದೇಶಕಾಂಡ 24:16 ಓದಿ. ಮಕ್ಕಳ ತಪ್ಪಿಗೆ ತಂದೆಗೂ, ತಂದೆಯ ತಪ್ಪಿಗೆ ಮಕ್ಕಳಿಗೂ ಮರಣಶಿಕ್ಷೆ ಕೂಡದು. ಇದು ಬರೀ ಕಾಗದದ ಮೇಲೆ ಉಳಿಯಲಿಲ್ಲ. ಅಮಚ್ಯನು ಯೆಹೂದದ ಅರಸನಾದಾಗ ತನ್ನ ತಂದೆಯನ್ನು ಕೊಂದವರಿಗೆ ಶಿಕ್ಷೆ ಕೊಟ್ಟನು. ಅವರ ಮಕ್ಕಳನ್ನು ಮುಟ್ಟಲಿಲ್ಲ. ಮೋಶೆಯ ಈ ಮಾತೇ ಕಾರಣ ಅಂತ 2 ಅರಸು 14:6ರಲ್ಲಿ ಬರೆದಿದೆ. ಆ ಕಾಲದ ಅರಸನು ಶತ್ರುವಿನ ಮಕ್ಕಳನ್ನು ಉಳಿಸುವುದು ಸಣ್ಣ ವಿಷಯ ಅಲ್ಲ.

ಆಮೇಲೆ ಪ್ರವಾದಿಗಳು. ಆ ‘ಮೂರು ನಾಲ್ಕು ತಲೆಮಾರು’ ಮಾತು ವಿಮೋಚನಕಾಂಡ 34ರಲ್ಲಿ ಮತ್ತೆ ಬರುತ್ತದೆ. ಅಲ್ಲಿ ಮೊದಲು ಕನಿಕರ, ದಯೆ, ದೀರ್ಘಶಾಂತಿ, ಆಮೇಲೆ ಈ ದಂಡನೆಯ ಸಾಲು. ಯೋವೇಲ 2:13, ಯೋನ 4:2 ಎರಡೂ ಕಡೆ ಅದೇ ಮಾತನ್ನು ನೆನಪಿಸಿಕೊಳ್ಳುತ್ತಾರೆ. ದಯೆಯ ಸಾಲುಗಳನ್ನು ಹೇಳುತ್ತಾರೆ. ದಂಡನೆಯ ಸಾಲು ಬಂದಾಗ ಅದನ್ನು ಹೇಳುವುದೇ ಇಲ್ಲ. ಅದರ ಜಾಗದಲ್ಲಿ, ಕೇಡು ಮಾಡುವುದರಿಂದ ಹಿಂದೆಗೆಯುವವನು ಅನ್ನುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ.

ಯೆಹೆಜ್ಕೇಲನು 18ನೇ ಅಧ್ಯಾಯ ಪೂರ್ತಿ ಇದಕ್ಕೇ ಕೊಟ್ಟಿದ್ದಾನೆ. ಬಾಬೆಲಿಗೆ ಸೆರೆಹೋದ ಜನ ಒಂದು ಗಾದೆ ಹೇಳುತ್ತಿದ್ದರು. ಅಪ್ಪಂದಿರು ಹುಳಿದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತುಹೋಯಿತು ಅಂತ. ಈ ಗಾದೆ ಇನ್ನು ನಿಮ್ಮ ಬಾಯಲ್ಲಿ ಬರಕೂಡದು ಅಂತ ಕರ್ತನು ಹೇಳುತ್ತಾನೆ. ಪಾಪ ಮಾಡುವವನೇ ಸಾಯುವನು. ನಮ್ಮ ‘ಮಾಡಿದ್ದುಣ್ಣೋ ಮಹರಾಯ’ ಇದೇ ತಾನೇ? ಯೆಹೂದಿಗಳ ಧರ್ಮಗ್ರಂಥವಾದ ತಾಲ್ಮುದಿನಲ್ಲಿ, ಮಕ್ಕೋತ್ ಭಾಗದ 24ನೇ ಹಾಳೆಯಲ್ಲಿ, ರಬ್ಬಿ ಯೋಸೆ ಬಾರ್ ಹನಿನಾ ಒಂದು ಮಾತು ಹೇಳುತ್ತಾರೆ. ಮೋಶೆ ಇಸ್ರಾಯೇಲಿನ ಮೇಲೆ ನಾಲ್ಕು ಕಟ್ಟಳೆ ಹೇಳಿದನು, ನಾಲ್ವರು ಪ್ರವಾದಿಗಳು ಬಂದು ಅವನ್ನು ತೆಗೆದುಹಾಕಿದರು ಅಂತ. ಅದರಲ್ಲಿ ಒಂದು ಈ ತಂದೆಗಳ ದೋಷ. ತೆಗೆದವನು ಯೆಹೆಜ್ಕೇಲ. ಹಳೆಯ ಒಡಂಬಡಿಕೆಯನ್ನು ಎದೆಗೊತ್ತಿಕೊಂಡ ಜನರೇ ಹೀಗೆ ಓದಿದ್ದಾರೆ.

ಯೆರೆಮೀಯನಲ್ಲೂ ಇದೇ ದ್ರಾಕ್ಷಿಯ ಗಾದೆ ಇದೆ. ಎಲ್ಲಿದೆ ಗೊತ್ತಾ? 31:29ರಲ್ಲಿ. ‘ಹೊಸ ಒಡಂಬಡಿಕೆ’ ಅನ್ನುವ ಮಾತು ಹುಟ್ಟುವುದು 31:31ರಲ್ಲಿ. ನಡುವೆ ಒಂದೇ ವಚನ. ಇಬ್ರಿಯರಿಗೆ 8ರಲ್ಲಿ ಉದ್ದಕ್ಕೆ ಎತ್ತಿ ಬರೆದಿರುವುದು ಈ ಭಾಗವನ್ನೇ. ಹೊಸ ಒಡಂಬಡಿಕೆಯ ಮಾತು ಬರುವ ಮೊದಲೇ, ಆ ಗಾದೆ ಇನ್ನು ನಡೆಯುವುದಿಲ್ಲ ಅಂತ ಹೇಳಿ ಆಗಿದೆ. ಆ ಹಿರಿಯರು ನಿಮ್ಮ ಮನೆಗೆ ಮತ್ತೆ ತಂದದ್ದು ಅದೇ ಗಾದೆಯನ್ನು.

ಕೆಜಿಎಫ್ ಹುಡುಗ

ಮೇಷ್ಟ್ರೇ, ಗೌರವದಿಂದಲೇ ಒಂದು ಮಾತು. ಅಷ್ಟು ಸುಲಭಕ್ಕೆ ಬಿಡಬೇಡಿ. ಕಳ್ಳತನ ಮಾಡಿದ ಆಕಾನನ ಜೊತೆ ಅವನ ಮಕ್ಕಳೂ ಸತ್ತರು, ಯೆಹೋಶುವ 7. ಅರಸ ಸೌಲನು ಗಿಬ್ಯೋನ್ಯರನ್ನು ಕೊಂದ ತಪ್ಪಿಗೆ ಅವನ ವಂಶದ ಏಳು ಜನರನ್ನು ಕೊಲ್ಲಲು ಅವರ ಕೈಗೆ ಕೊಟ್ಟರು, 2 ಸಮುವೇಲ 21. ಪ್ರಲಾಪಗಳು 5:7ರಲ್ಲಿ, ನಮ್ಮ ಪಿತೃಗಳು ಪಾಪ ಮಾಡಿ ಹೋದರು, ಅವರ ಹೊರೆ ನಾವು ಹೊರುತ್ತಿದ್ದೇವೆ ಅಂತ ಅಳುತ್ತಾರೆ. ಇದೂ ದೇವರ ವಾಕ್ಯವೇ.

ನನ್ನ ತಾತ ಗಣಿಯಲ್ಲಿ ಕೆಲಸ ಮಾಡಿದರು. ಕುಡಿಯುತ್ತಿದ್ದರು. ಅಪ್ಪನೂ ಗಣಿ, ಅಪ್ಪನೂ ಕುಡಿತ. 2001ರಲ್ಲಿ ಗಣಿ ಮುಚ್ಚಿದಾಗ ಮನೆಯಲ್ಲಿ ಸಾಲ ಮಾತ್ರ ಇತ್ತು. ನಾನು ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಅದನ್ನು ತೀರಿಸಿದೆ. ನನಗೂ ಇಪ್ಪತ್ತೆರಡಕ್ಕೇ ಆ ಚಟ ಹಿಡಿದಿತ್ತು. ಉಪವಾಸ ಪ್ರಾರ್ಥನೆಯಲ್ಲಿ ‘ವಂಶದ ಶಾಪ’ ಅಂತ ಹೇಳಿ ಪ್ರಾರ್ಥಿಸಿದ ಮೇಲೆ ಬಿಟ್ಟೆ. ಏಳು ವರ್ಷ ಆಯಿತು. ಹಾಗಾಗಿ ತಲೆಮಾರಿನಿಂದ ಏನೂ ಬರುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಆದರೆ ಸಿಸ್ಟರ್, ಆ ಪುಟ್ಟ ಮಗುವಿನ ಮುಂದೆ ಬೆರಳು ಎಣಿಸಿದ್ದು ತಪ್ಪು. ಅದನ್ನೂ ಹೇಳುತ್ತೇನೆ.

ಬಂಟ್ವಾಳದ ಟೀಚರ್

ನಾನು ಕಥೋಲಿಕಳು. ಹೊಸ ಒಡಂಬಡಿಕೆ ಮಾತ್ರ ಓದಿ ಅಂದವರಿಗೆ ಒಂದೇ ಮಾತು. ಮತ್ತಾಯ 27:25ರಲ್ಲಿ ಜನರ ಗುಂಪು, ಇವನ ರಕ್ತ ನಮ್ಮ ಮೇಲೂ ನಮ್ಮ ಮಕ್ಕಳ ಮೇಲೂ ಇರಲಿ ಅಂತ ಕೂಗುತ್ತದೆ. ಆ ಒಂದು ಸಾಲು ಹಿಡಿದು ಯುರೋಪಿನಲ್ಲಿ ಎಷ್ಟೋ ಶತಮಾನ ಯೆಹೂದಿಗಳನ್ನು ಹಿಂಸಿಸಿದರು. ಅಪ್ಪಂದಿರ ತಪ್ಪು ಮಕ್ಕಳ ಮೇಲೆ ಅಂತಲೇ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಹೇಳಿಕೆಯಲ್ಲಿ, ಯೇಸುವಿನ ಮರಣಕ್ಕೆ ಅಂದಿನ ಎಲ್ಲ ಯೆಹೂದಿಗಳನ್ನೂ ಇಂದಿನವರನ್ನೂ ದೂರಕೂಡದು ಅಂತ ನಮ್ಮ ಸಭೆ ಹೇಳಿತು. ಹೊಸದನ್ನೂ ತಪ್ಪಾಗಿ ಓದಲು ಆಗುತ್ತದೆ. ತುಂಬ ಜನ ಅದಕ್ಕೆ ಬಲಿಯಾಗಿದ್ದಾರೆ.

ತಿಕೋಟಾ ದ್ರಾಕ್ಷಿ

ನಮ್ಮದು ವಿಜಯಪುರ ಕಡೆ ದ್ರಾಕ್ಷಿ ತೋಟ. ಬೈಬಲ್ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ, ಹೆಂಡತಿ ಓದುತ್ತಾಳೆ. ಮೇಷ್ಟ್ರು ಹುಳಿದ್ರಾಕ್ಷಿ ಅಂದದ್ದಕ್ಕೆ ಕೇಳುತ್ತೇನೆ. ಅದು ಹುಳಿ ಜಾತಿಯದೋ, ಇನ್ನೂ ಹಣ್ಣಾಗದ ಕಾಯಿಯೋ? ಕಾಯಿ ಆದರೆ, ತಿಂದವನದೇ ಅವಸರ. ಬಳ್ಳಿಯದು ಏನೂ ತಪ್ಪಿಲ್ಲ. ಅದೇ ಗೊನೆಯನ್ನು ಬಿಟ್ಟಿದ್ದರೆ ಸಿಹಿ ಆಗುತ್ತಿತ್ತು.

ನಿವೃತ್ತ ಮೇಷ್ಟ್ರು, ಉಡುಪಿ

ತಿಕೋಟಾದವರೇ, ಕಾಯಿಯೇ! ಇಬ್ರಿಯ ಮೂಲದಲ್ಲಿ ‘ಬೋಸೆರ್’ ಅಂತಿದೆ. ಬಲಿಯದ ದ್ರಾಕ್ಷಿ ಅಂತ ಅರ್ಥ. ಇಷ್ಟು ವರ್ಷ ಕಲಿಸಿದೆ, ಬಳ್ಳಿಯ ಕಡೆಯಿಂದ ಯೋಚಿಸಿರಲಿಲ್ಲ. ಧನ್ಯವಾದ.

ಕೆಜಿಎಫ್ ತಮ್ಮಾ, ನೀವು ಎತ್ತಿದ ಮೂರು ಭಾಗಗಳನ್ನೂ ನಾನು ಮುಚ್ಚಿಡುವುದಿಲ್ಲ. ಸೌಲನ ವಂಶದವರ ಕಥೆಯಲ್ಲಿ ನನಗೆ ನೆನಪಿರುವುದು ರಿಚ್ಪಾ. ಸತ್ತ ಮಕ್ಕಳ ಹತ್ತಿರ ಬಂಡೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಸುಗ್ಗಿಯಿಂದ ಮಳೆ ಬರುವ ತನಕ ಹದ್ದುಗಳನ್ನೂ ಮೃಗಗಳನ್ನೂ ಓಡಿಸುತ್ತಾ ಕೂತ ತಾಯಿ. ಅದು ಅರಸ ದಾವೀದನ ಕಿವಿಗೆ ಬಿತ್ತು. ಅವನು ಸೌಲನ, ಸೌಲನ ಮಗ ಯೋನಾತಾನನ ಎಲುಬುಗಳನ್ನೂ ಇವರದನ್ನೂ ತರಿಸಿದನು, ಮಣ್ಣುಮಾಡಿಸಿದನು. ಅದಾದ ಮೇಲೆಯೇ ದೇವರು ದೇಶದ ಬಿನ್ನಹ ಕೇಳಿದನು ಅಂತ ಬರೆದಿದೆ. ಆ ತಾಯಿಯ ಸಂಕಟವನ್ನು ಬರೆದವನು ಬಿಟ್ಟುಬಿಡಲಿಲ್ಲ. ಆದರೂ ಆ ಅಧ್ಯಾಯ ನನಗೆ ಇವತ್ತಿಗೂ ಕಷ್ಟವೇ.

ನೀವು ಹೊತ್ತದ್ದು ನಿಜವಾದ ಹೊರೆ. ಇಬ್ರಿಯದ ‘ಅವೋನ್’ ಅನ್ನುವ ಪದಕ್ಕೆ ತಪ್ಪು ಅಂತಲೂ, ತಪ್ಪಿನಿಂದ ಬರುವ ಕೇಡು ಅಂತಲೂ ಎರಡೂ ಅರ್ಥ ಇದೆ. ಸಾಲ, ಕುಡಿತ, ಹೊಡೆತ, ಇವು ಮನೆಯಲ್ಲಿ ಕೆಳಗಿಳಿದು ಬರುತ್ತವೆ. ಯೆಹೆಜ್ಕೇಲನು ಅದನ್ನು ಅಲ್ಲಗಳೆಯುವುದಿಲ್ಲ. ಅಪ್ಪನ ಕೆಟ್ಟತನ ಕಂಡು ಹಾಗೆ ಮಾಡದ ಮಗನು ಬದುಕುತ್ತಾನೆ ಅನ್ನುತ್ತಾನೆ. 18ನೇ ಅಧ್ಯಾಯದ 14ನೇ ವಚನ ನೋಡಿ. ಅದು ನಿಮ್ಮ ಕಥೆಯೇ ತಮ್ಮಾ. ಈ ಮಗುವಿನದು ಬೇರೆ. ಇಲ್ಲಿ ಯಾರ ತಪ್ಪೂ ಇಲ್ಲ. ಜೀನ್‌ನ ಒಂದು ಪ್ರತಿ ಕೆಟ್ಟಿರುವುದು ಪಾಪ ಅಲ್ಲ. ಅಪ್ಪಅಮ್ಮನಿಂದ ಕಣ್ಣಿನ ಬಣ್ಣ ಬಂದ ಹಾಗೆ ಅದೂ ಬರುತ್ತದೆ. ತಾಯಿಯ ಕಡೆಯಿಂದಲೂ ಒಂದು ಪ್ರತಿ ಬಂದಿದೆಯಲ್ಲ. ಮಾವನವರ ಅಪ್ಪನ ದೀಪದಿಂದ ಅದು ಹೇಗೆ ಬಂತು?

ಪುಟ್ಟಿಯ ಅಮ್ಮ, ಮೈಸೂರು

ಎಲ್ಲರಿಗೂ ಧನ್ಯವಾದ. ಕೆಜಿಎಫ್ ಬ್ರದರ್, ನಿಮ್ಮ ಏಳು ವರ್ಷಕ್ಕೆ ನಾನೂ ಸ್ತೋತ್ರ ಹೇಳುತ್ತೇನೆ.

ಮೇಷ್ಟ್ರೇ, ನನ್ನ ಕಡೆಯ ಪ್ರತಿ ಬಗ್ಗೆ ನೀವು ಹೇಳಿದ್ದು ಓದಿ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಅವರು ನನ್ನ ತವರಿನ ಬಗ್ಗೆ ಕೇಳಲೇ ಇಲ್ಲ. ನಮ್ಮ ತವರಿನವರು ತುಂಬ ಹಿಂದಿನಿಂದ ಸಭೆಯವರು.

ಇನ್ನೊಂದು ಕೇಳಬೇಕು. ಯೋಹಾನ 9:3ರಲ್ಲಿ ಇವನೂ ಅಲ್ಲ, ಹೆತ್ತವರೂ ಅಲ್ಲ ಅಂದಮೇಲೆ, ದೇವರ ಕ್ರಿಯೆಗಳು ಇವನಲ್ಲಿ ಕಾಣಿಸುವುದಕ್ಕಾಗಿ ಅಂತ ಇದೆ. ಅಂದರೆ ದೇವರು ಏನೋ ತೋರಿಸಲು ಅವನನ್ನು ಕುರುಡನಾಗಿ ಹುಟ್ಟಿಸಿದನಾ? ನನ್ನ ಮಗಳನ್ನೂ ಹಾಗೇನಾ? ಶಾಪಕ್ಕಿಂತ ಇದು ನನಗೆ ಜಾಸ್ತಿ ನೋಯುತ್ತದೆ.

ನಿವೃತ್ತ ಮೇಷ್ಟ್ರು, ಉಡುಪಿ

ಅಮ್ಮಾ, ಗ್ರೀಕ್ ಭಾಷೆಯ ಹಳೆಯ ಪ್ರತಿಗಳಲ್ಲಿ ಇವತ್ತಿನ ಹಾಗೆ ಚುಕ್ಕೆ, ಅಲ್ಪವಿರಾಮ ಇರುತ್ತಿರಲಿಲ್ಲ. ವಾಕ್ಯ ಎಲ್ಲಿ ಮುಗಿಯಿತು ಅಂತ ಓದುವವರು ತೀರ್ಮಾನಿಸಬೇಕಿತ್ತು. ಕೆಲವು ವಿದ್ವಾಂಸರು ಚುಕ್ಕೆಯನ್ನು ಬೇರೆ ಕಡೆ ಇಡುತ್ತಾರೆ. ‘ಇವನೂ ಪಾಪ ಮಾಡಲಿಲ್ಲ, ಹೆತ್ತವರೂ ಮಾಡಲಿಲ್ಲ.’ ಅಲ್ಲಿಗೆ ಮುಗಿಯಿತು. ಆಮೇಲೆ ಹೊಸ ವಾಕ್ಯ. ‘ಆದರೆ ದೇವರ ಕ್ರಿಯೆಗಳು ಇವನಲ್ಲಿ ಕಾಣಬೇಕಾದರೆ, ಹಗಲು ಇರುವಾಗಲೇ ನಾವು ಕೆಲಸ ಮಾಡಬೇಕು.’ ಹೀಗೆ ಓದಿದರೆ ಯಾಕೆ ಕುರುಡನಾದ ಅನ್ನುವುದಕ್ಕೆ ಯೇಸು ಕಾರಣವನ್ನೇ ಕೊಡುವುದಿಲ್ಲ. ಅವನ ಕಣ್ಣಿಗೆ ಹಚ್ಚಿ ವಾಸಿಮಾಡುವುದಕ್ಕೆ ಮಣ್ಣು ಕಲಸಲು ಬಗ್ಗುತ್ತಾನೆ. ಎಲ್ಲರೂ ಈ ಓದನ್ನು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಲೂಕ 13ರಲ್ಲೂ ಸಿಲೋವದ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಬೇರೆಯವರಿಗಿಂತ ಪಾಪಿಗಳೇನಲ್ಲ ಅಂತ ಇದೇ ಯೇಸು ಹೇಳುತ್ತಾನೆ.

ಆ ಅಧ್ಯಾಯವನ್ನು ಕೊನೆಯವರೆಗೆ ಓದಿ. 34ನೇ ವಚನದಲ್ಲಿ ಕೆಲವರು ಆ ಮನುಷ್ಯನಿಗೆ, ನೀನು ಪೂರ್ತಿ ಪಾಪದಲ್ಲೇ ಹುಟ್ಟಿದವನು ಅಂತ ಹೇಳುತ್ತಾರೆ. ಯಾರು ಹೇಳುತ್ತಾರೆ? ಅವನನ್ನು ಸಭಾಮಂದಿರದಿಂದ ಹೊರಗೆ ಹಾಕಿದವರು. ಯೇಸು ಅವನನ್ನು ಹುಡುಕಿಕೊಂಡು ಹೋಗುತ್ತಾನೆ.

ಹಳೆಯದರಿಂದಲೂ ಒಂದು ಕೊಡುತ್ತೇನೆ. ಯಾಜಕಕಾಂಡ 19:14. ಕಿವುಡರನ್ನು ಶಪಿಸಬಾರದು. ಅವರಿಗೆ ಕೇಳಿಸುವುದಿಲ್ಲ ಅಂತ ಮನಸ್ಸಿಗೆ ಬಂದಂತೆ ಮಾತಾಡುವವರಿಗೆ, ದೇವರಿಗೆ ಭಯಪಡು ಅಂತ ಅಲ್ಲೇ ಹೇಳಿದೆ. ಕೋಪದ ಪುಸ್ತಕ ಅಂತ ಬಿಟ್ಟುಬಿಡಬೇಕು ಅನ್ನಿಸಿದ ಆ ಕಾಂಡಗಳಲ್ಲೇ, ನಿಮ್ಮ ಮಗಳಂಥವರ ಪರವಾಗಿ ಈ ಆಜ್ಞೆ ಇದೆ.

ಕೃಪೆಯ ಮಗ, ಹುಬ್ಬಳ್ಳಿ

ಮೇಷ್ಟ್ರೇ, ಯಾಜಕಕಾಂಡವನ್ನು ನಾನು ಒಮ್ಮೆಯೂ ಪೂರ್ತಿ ಓದಿಲ್ಲ. ಇವತ್ತು 19ನೇ ಅಧ್ಯಾಯ ಓದಿದೆ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವುದೂ ಅಲ್ಲೇ ಇದೆ, 18ನೇ ವಚನ. ಅದು ಯೇಸು ಮೊದಲು ಹೇಳಿದ್ದು ಅಂದುಕೊಂಡಿದ್ದೆ. ಸಿಸ್ಟರ್, ಹಳೆಯದನ್ನು ಬಿಡಿ ಅಂದದ್ದಕ್ಕೆ ಕ್ಷಮಿಸಿ.

ಪುಟ್ಟಿಯ ಅಮ್ಮ, ಮೈಸೂರು

ಕ್ಷಮೆ ಯಾಕೆ ಬ್ರದರ್. ಮೊದಲು ಉತ್ತರ ಕೊಟ್ಟವರು ನೀವು.

ನಿನ್ನೆ ರಾತ್ರಿ ನಾನೂ ಗಂಡನೂ ಕೂತು ಯೆರೆಮೀಯ 31 ಓದಿದೆವು. ಅವರು ಮಾವನಿಗೆ ಫೋನ್ ಮಾಡಿ ತಮ್ಮ ತಾತನ ಬಗ್ಗೆ ಕೇಳಿದರು. ಬರಗಾಲದಲ್ಲಿ ತಮ್ಮ ಮನೆಯ ರಾಗಿಯನ್ನು ಬೀದಿಯವರಿಗೆ ಹಂಚಿದ್ದರಂತೆ. ನನಗೆ ಈ ಮನೆಗೆ ಬಂದು ಎಂಟು ವರ್ಷ, ಇದು ಗೊತ್ತೇ ಇರಲಿಲ್ಲ. ಮುಂದಿನ ಕೂಟಕ್ಕೆ ಹೋಗುತ್ತೇನೆ. ಆ ಹಿರಿಯರ ಮೇಲೆ ನನಗೆ ಕೋಪ ಇನ್ನೂ ಇಳಿದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. 29ರಿಂದ 34ರ ತನಕ ಓದಿ ಅಂತ ಅವರಿಗೇ ಪುಸ್ತಕ ಕೊಡುತ್ತೇನೆ.

ಈ ವಾರ ಮಗಳಿಗೆ ಎಣಿಕೆ ಕಲಿಸುತ್ತಿದ್ದಾರೆ. ಮನೆಯಲ್ಲಿ ನಾನೂ ಬೆರಳು ಹಿಡಿದು ಹೇಳಿಸುತ್ತೇನೆ. ಒಂದು ಬರುತ್ತದೆ, ಎರಡು ಬರುತ್ತದೆ. ಮೂರಕ್ಕೆ ‘ಊರು’ ಅನ್ನುತ್ತಾಳೆ. ನಾಲ್ಕಕ್ಕೆ ಇನ್ನೂ ಹೋಗಿಲ್ಲ.